ಮತ್ತೆ ಮೊದಲ ಸಾಲಿನಿಂದ

ನಿಘಂಟಿನಲ್ಲಿ ಒಂದು ಪದ ಹುಡುಕಬೇಕಾದಾಗಲೆಲ್ಲ ನಾನು ಸುತ್ತಮುತ್ತ ಯಾರೂ ಇಲ್ಲವೆಂದು ಖಚಿತಪಡಿಸಿಕೊಳ್ಳುತ್ತೇನೆ. ಪದ ಅಶ್ಲೀಲವೆಂದಲ್ಲ; ನಾನು ಹುಡುಕುವ ಪರಿ ನಾಲ್ಕು ಜನ ನೋಡುವಂಥದ್ದಲ್ಲ. ‘ಧ’ ಎಂಬ ಅಕ್ಷರ ‘ಢ’ಕ್ಕಿಂತ ಮುಂದೋ ಹಿಂದೋ ಎಂದು ತಿಳಿಯಲು ನಾನು ಕ, ಖ, ಗ, ಘ ಎಂದು ಆರಂಭದಿಂದ, ಅದೂ ಕಾನ್ವೆಂಟಿನ ಪ್ರಾರ್ಥನೆಯ ರಾಗದಲ್ಲಿ, ಗುನುಗಿಕೊಂಡು ಬರಬೇಕು. ನಡುವೆ ಹಾಲು ಉಕ್ಕಿದರೆ ಒಲೆ ಆರಿಸಿ ಬಂದು ಮತ್ತೆ ‘ಕ’ದಿಂದಲೇ ಪ್ರಯಾಣ. ಸಿಸ್ಟರುಗಳು ನನಗೆ ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳನ್ನು ನಡುವೆ ಎಲ್ಲಿ ಬೇಕಾದರೂ ಇಳಿಯಬಹುದಾದ ಬಸ್ಸಿನಂತೆ ಕಲಿಸಿದರು. ಕನ್ನಡವನ್ನು ಮಾತ್ರ, ವಾರಕ್ಕೆರಡು ಪಿರಿಯಡ್ಡಿನ ಅವಸರದಲ್ಲಿ, ಹೊರಟ ಮೇಲೆ ಎಲ್ಲೂ ನಿಲ್ಲದ ಎಕ್ಸ್‌ಪ್ರೆಸ್ಸಿನಂತೆ ಬಾಯಿಪಾಠ ಮಾಡಿಸಿ ಕೈತೊಳೆದುಕೊಂಡರು.

ಈ ದೌರ್ಬಲ್ಯ ನನ್ನೊಬ್ಬಳದೇ ಎಂದು ಬಹುಕಾಲ ನಂಬಿದ್ದೆ. ನನ್ನ ಅತ್ತೆಗೂ, ಮಂಡ್ಯದ ನಮ್ಮ ಮನೆಯ ಹಳೆಯ ಲ್ಯಾಪ್‌ಟಾಪಿಗೂ ಅದೇ ವ್ಯಾಧಿಯಿದೆಯೆಂದು ಗೊತ್ತಾದದ್ದು ಈಚೆಗೆ. ಆ ಸಂಶೋಧನೆಯ ಸಂಭ್ರಮ ಇನ್ನೂ ನನ್ನಲ್ಲಿ ಆರಿಲ್ಲವಾದ್ದರಿಂದ ನಿಮಗೆ ಹೇಳದೆ ವಿಧಿಯಿಲ್ಲ.

ಅತ್ತೆ ಬೆಳಕವಾಡಿಯವರು. ಓದು ಮೂರನೆಯ ತರಗತಿಗೆ ನಿಂತರೂ ಸೋಬಾನೆ ಪದದಲ್ಲಿ ನಮ್ಮ ಬಳಗಕ್ಕೆಲ್ಲ ಅವರೇ ಮುಂದಾಳು. ಸೋಬಾನೆಯ ಕ್ರಮ ನಿಮಗೆ ಗೊತ್ತಿರಬಹುದು: ಮುಂದೆ ಹಾಡುವವರು ಒಂದು ಸಾಲು ಹೇಳುತ್ತಾರೆ, ಎದುರಿಗೆ ಕುಳಿತ ಹೆಂಗಸರು ಅದನ್ನೇ ತಿರುಗಿ ಹೇಳುತ್ತಾರೆ. ಹಾಗೆ ತಿರುಗಿ ಹೇಳುವ ಆ ಒಂದು ಉಸಿರಿನ ಅವಧಿಯೇ ಮುಂದಾಳಿಗೆ ದೊರಕುವ ಬಿಡುವು. ಅಷ್ಟರೊಳಗೆ ಮುಂದಿನ ಸಾಲು ನಾಲಿಗೆಯ ತುದಿಗೆ ಬಂದು ಕುಳಿತಿರಬೇಕು. ಎತ್ತಿದ ಪದವನ್ನು ನಡುವೆ ನಿಲ್ಲಿಸುವುದು ಮದುಮಗಳಿಗೆ ಒಳ್ಳೆಯದಲ್ಲವೆಂಬುದು ನಮ್ಮವರ ಗಟ್ಟಿಯಾದ ನಂಬಿಕೆ.

ಹೋದ ವರ್ಷ ಬಸರಾಳಿನ ಒಂದು ಮದುವೆಯಲ್ಲಿ ಅತ್ತೆ ನಿಂತುಬಿಟ್ಟರು. ಅದು ಚಪ್ಪರದ ದಿನ ಹಾಡುವ ದೀರ್ಘವಾದ ಪದ. ಮದುವೆಗೆ ಬೇಕಾದ್ದನ್ನು ತರಲು ಮನೆಮನೆಗೆ ಹೋಗುವ ಹಾಡು: ಬಿದಿರಿಗೆ ಮೇದರವನ ಮನೆ, ಮಡಕೆಗೆ ಕುಂಬಾರನ ಮನೆ, ಸೀರೆಗೆ ನೇಕಾರನ ಮನೆ, ಹೀಗೆ ನೂರಾರು ಸಾಲು. ಕುಂಬಾರನ ಮನೆಯ ಮಡಕೆ, ಕುಡಿಕೆ, ಮುಚ್ಚಳಗಳನ್ನೆಲ್ಲ ವರ್ಣಿಸಿ ಮುಗಿಸಿದ ಅತ್ತೆಗೆ ಆಚೆಯ ದಾರಿ ಮರೆತುಹೋಯಿತು. ಎದುರಿನವರು ಅದೇ ಸಾಲನ್ನು ಮೂರು ಸಲ ತಿರುಗಿಸಿ ಹೇಳಿ ಕಾದರು. ಕೊನೆಗೆ ಯಾರೋ ಅವಸರದಲ್ಲಿ ಆರತಿ ಹಾಡು ಎತ್ತಿ ಮಾನ ಉಳಿಸಿದರು. ಊಟದ ಪಂಕ್ತಿಯಲ್ಲಿ ಮಾತ್ರ ಮಳವಳ್ಳಿಯ ನಾಗಮ್ಮ, ಸಂಬಂಧದಲ್ಲಿ ಅತ್ತೆಗೆ ನಾದಿನಿ, ಎಲೆಗೆ ಉಪ್ಪು ಹಾಕಿಸಿಕೊಳ್ಳುತ್ತ ನನ್ನ ಕಡೆ ತಿರುಗಿ ಹೇಳಿದರು: “ನಿಮ್ಮತ್ತೆ ಕುಂಬಾರ್ರ ಮನೇಲೇ ಉಳ್ಕಬುಟ್ರು ಕಣಮ್ಮ. ಓಗುವಾಗ ನೆಪ್ಪಾಗಿ ಕರ್ಕಂಡೋಗಿ.”

ಪಂಕ್ತಿಯೆಲ್ಲ ನಕ್ಕಿತು. ಅತ್ತೆಯೂ ನಕ್ಕರು. ಆದರೆ ಅವರು ಪಾಯಸವನ್ನು ಮುಟ್ಟಲಿಲ್ಲವೆಂಬುದನ್ನು ಪಕ್ಕದಲ್ಲಿದ್ದ ನಾನು ಗಮನಿಸಿದೆ.

ಅಂದಿನಿಂದ ಅವರು ಪದ ಎತ್ತಲಿಲ್ಲ. ಈ ವರ್ಷ ಮದ್ದೂರಿನಿಂದ ಅವರ ಸ್ವಂತ ತಂಗಿ ಬಂದು, ಮೊಮ್ಮಗಳ ಚಪ್ಪರಕ್ಕೆ ಅಕ್ಕನೇ ಹಾಡಬೇಕೆಂದು ಕುಂಕುಮ ಕೊಟ್ಟರೆ, “ಈಗೆಲ್ಲ ಡಬ್ಬದಲ್ಲೇ ಆಕ್ತರಲ್ಲ, ಅದ್ನೇ ಆಕ್ಕಳಿ ಬುಡು” ಎಂದು ಮುಖ ತಿರುಗಿಸಿದರು. ಡಬ್ಬವೆಂದರೆ ಸ್ಪೀಕರು. ತಂಗಿಯ ಕಣ್ಣು ತುಂಬಿದ್ದನ್ನು ನೋಡಿ ನಾನು, ಯಾರೂ ಕೇಳದಿದ್ದರೂ, ಒಂದು ಉಪಾಯವಿದೆಯೆಂದು ಬಾಯಿಬಿಟ್ಟೆ. ಪದವನ್ನೆಲ್ಲ ಟೈಪು ಮಾಡಿ, ಲ್ಯಾಪ್‌ಟಾಪಿನಲ್ಲಿ ಒಂದು ಕಿಟಕಿ ತೆರೆದು, ಕೀಲಿ ಒತ್ತಿದಂತೆಲ್ಲ ಒಂದೊಂದು ಸಾಲು ದಪ್ಪಕ್ಷರದಲ್ಲಿ ಮೂಡುವಂತೆ ಮಾಡಿದರೆ ಅತ್ತೆ ಕುಂಬಾರನ ಮನೆಯಲ್ಲಿ ತಂಗುವ ಪ್ರಮೇಯವೇ ಇಲ್ಲವಲ್ಲ.

ನಾನು ಎಂಜಿನಿಯರಲ್ಲ. ಚಪ್ಪಲಿ ಹೊರಗೆ ಬಿಟ್ಟು, ಐದು ಹುಡುಗಿಯರಿಗೊಂದರಂತಿದ್ದ ಕಾನ್ವೆಂಟಿನ ಕಂಪ್ಯೂಟರಿಗೆ ದೇವರಿಗೆ ಕೈಮುಗಿದಂತೆ ಮುಗಿದು ಕಲಿತದ್ದು ಅಷ್ಟಿಷ್ಟು. ಉಳಿದದ್ದನ್ನು ಸಾರು ಕುದಿಯುವ ಹೊತ್ತಿನಲ್ಲಿ ಇಂಟರ್ನೆಟ್ಟಿನಲ್ಲಿ ಓದಿಕೊಂಡೆ. ಹತ್ತಿಪ್ಪತ್ತು ಸಾಲಿನ ಸ್ಕ್ರಿಪ್ಟು, ಅಂದರೆ ಕಂಪ್ಯೂಟರಿಗೆ ಕೊಡುವ ಆಜ್ಞೆಗಳ ಪಟ್ಟಿ, ಬರೆದು, ನಲ್ಲಿಯಲ್ಲಿ ನೀರು ಬರುವ ದಿನ ‘ಡ್ರಮ್ಮು ತೊಳಿ’ ಎಂದು ನೆನಪಿಸುವ ಕಿಟಕಿಯೊಂದನ್ನು ಮಾಡಿದ್ದೆ. ಆ ಕಿಟಕಿಯ ಬಲದ ಮೇಲೆಯೇ ಈ ಸಾಹಸ.

ಅತ್ತೆ ಹೇಳುವುದು, ನಾನು ಬರೆದುಕೊಳ್ಳುವುದು ಎಂದಾಯಿತು. ಇಲ್ಲಿಯೇ ಅವರ ವ್ಯಾಧಿ ನನಗೆ ಪರಿಚಯವಾದದ್ದು. ಕುಕ್ಕರು ಕೂಗಿತೆಂದು ಎದ್ದುಹೋಗಿ ಬಂದು, “ಎಲ್ಲಿಗೆ ನಿಲ್ಲಿಸಿದ್ದಿರಿ ಅತ್ತೆ?” ಎಂದರೆ ಅವರಿಗೆ ಗೊತ್ತಿಲ್ಲ. ನನ್ನ ಹಾಳೆ ನೋಡಿ ಕೊನೆಯ ಸಾಲು ಓದಿ ಹೇಳಿದರೂ ಮುಂದಿನದು ಬಾರದು. ಮತ್ತೆ ಮೊದಲ ಸಾಲಿಗೆ ಹೋಗಿ, ಕಣ್ಣುಮುಚ್ಚಿ, ಕಾಲಿನ ಹೆಬ್ಬೆರಳಿನಲ್ಲಿ ನೆಲಕ್ಕೆ ತಾಳ ತಟ್ಟುತ್ತ ಓಡೋಡಿ ಬಂದರೆ ಮಾತ್ರ, ಓಟದ ಭರದಲ್ಲಿ ಹೊಸ ಸಾಲಿನೊಳಗೆ ಜಿಗಿಯುತ್ತಿದ್ದರು. ಕುಕ್ಕರು ಮೂರು ಸಲ ಕೂಗಿದರೆ ಮೂರು ಸಲ. ಸೌತೆಕಾಯಿಯವಳು ಬಂದರೆ ಇನ್ನೊಂದು ಸಲ. ಆ ಹದಿನೈದು ದಿನಗಳಲ್ಲಿ ಮೇದರವನ ಮನೆಗೆ ನಾನು ಎಷ್ಟು ಸಲ ಹೋಗಿ ಬಂದೆನೋ ಆ ಮೇದರವನೇ ಬಲ್ಲ. ಒಳಗೊಳಗೇ ಬೇಸರಿಸಿಕೊಂಡೆನೆಂದು ಒಪ್ಪಿಕೊಳ್ಳುತ್ತೇನೆ.

ಕಿಟಕಿಯೂ ಸಿದ್ಧವಾಯಿತು. ಹಾಡಿ ಮುಗಿಸಿದ ಸಾಲುಗಳೆಲ್ಲ ಮೇಲೆ ಸಣ್ಣಗೆ, ಹಾಡಬೇಕಾದ್ದು ಕೆಳಗೆ ದಪ್ಪಗೆ. ಒಂದು ಬೆಳಿಗ್ಗೆ ನಮ್ಮ ಯಜಮಾನರನ್ನು ಎದುರಿಗೆ ಕೂರಿಸಿ, ತಿರುಗಿ ಹೇಳುವ ಹೆಂಗಸರ ಪಾತ್ರವನ್ನು ಅವರಿಗೇ ವಹಿಸಿ, ಪ್ರಯೋಗ ಆರಂಭಿಸಿದೆ. ಮೊದಲ ಇಪ್ಪತ್ತು ಸಾಲು ಚಕಚಕನೆ ಮೂಡಿದವು. ನೂರರ ಸುಮಾರಿಗೆ ಕಿಟಕಿ ಕೊಂಚ ಏದುಸಿರು ಬಿಟ್ಟಿತು. ಕುಂಬಾರನ ಮನೆಯ ಹೊತ್ತಿಗೆ ನಮ್ಮವರು ತಿರುಗಿ ಹೇಳಿ ಮುಗಿಸಿ, ಗಂಟಲು ಸರಿಮಾಡಿಕೊಂಡು, ನೀರು ಕುಡಿದರೂ ಕಿಟಕಿ ಬಿಳಿಚಿಕೊಂಡೇ ನಿಂತಿತ್ತು. ಹೆಚ್ಚೆಂದರೆ ಹತ್ತು ಸೆಕೆಂಡು. ಆದರೆ ಚಪ್ಪರದ ಕೆಳಗೆ ಅಷ್ಟು ಮೌನವೆಂದರೆ ಬಸರಾಳು ಮತ್ತೊಮ್ಮೆ ಬಂದಂತೆಯೇ. ಅತ್ತೆ ಕನ್ನಡಕ ತೆಗೆದು ಮಡಚಿದರು.

“ಇದೂ ಅಲ್ಲೇ ಉಳ್ಕತ್ತಲ್ಲ ಕಣಮ್ಮ. ಒಬ್ಳು ಉಳ್ಕಂಡಿದ್ದು ಸಾಲ್ದು ಅಂತ ಇಬ್ರೂ ಓಗಿ ಉಳ್ಕಳನ ಅಂತೀಯಾ?”

ನನಗೆ ಅವಮಾನವಾಯಿತು. ಮದುವೆಗೆ ಆರು ದಿನವಿತ್ತು. ಸಾರಿಗೆ ಒಗ್ಗರಣೆ ಹಾಕುತ್ತ ಹಾಕುತ್ತ ನನ್ನ ಸ್ಕ್ರಿಪ್ಟನ್ನು ಸಾಲುಸಾಲಾಗಿ, ಅಕ್ಕಿಯಲ್ಲಿ ಕಲ್ಲು ಆರಿಸುವಂತೆ, ನೋಡುತ್ತ ಬಂದೆ. ಇದ್ದಕ್ಕಿದ್ದಂತೆ ಕಂಡಿತು! ನೂರನೆಯ ಸಾಲನ್ನು ತಾ ಎಂದರೆ ನನ್ನ ಸ್ಕ್ರಿಪ್ಟು ಪೆನ್‌ಡ್ರೈವಿನಲ್ಲಿದ್ದ ಫೈಲನ್ನು ತೆರೆದು, ಒಂದು, ಎರಡು, ಮೂರು ಎಂದು ಮೊದಲ ಸಾಲಿನಿಂದ ಎಣಿಸುತ್ತ ಬಂದು, ನೂರನೆಯದನ್ನು ಎತ್ತಿಕೊಂಡು, ಫೈಲನ್ನು ಮುಚ್ಚಿ ಬರುತ್ತಿತ್ತು. ನೂರೊಂದನೆಯದಕ್ಕೆ ಮತ್ತೆ ತೆರೆದು ಮತ್ತೆ ಒಂದರಿಂದ ಎಣಿಕೆ. ಅದೂ ಸಾಲದೆ, ಮೇಲಿನ ಹಳೆಯ ಸಾಲುಗಳನ್ನೂ ಪ್ರತಿ ಒತ್ತಿಗೂ ಹೀಗೆಯೇ ಒಂದೊಂದಾಗಿ ಹೊಸದಾಗಿ ಹೊತ್ತು ತರುತ್ತಿತ್ತು. ಹನ್ನೆರಡು ಮದ್ದೂರು ವಡೆ ಬೇಕೆಂದು ಮಂಡ್ಯದಿಂದ ಹನ್ನೆರಡು ಸಲ ರೈಲು ಹತ್ತಿ, ಪ್ರತಿಸಲವೂ ಹನಕೆರೆಯಲ್ಲಿ ಕ್ರಾಸಿಂಗಿಗೆ ಕಾದು, ಒಂದೊಂದೇ ವಡೆ ಹಿಡಿದು ಮನೆಗೆ ಬಂದವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡೆ. ಅದನ್ನು ಹಾಗೆ ಕಳಿಸಿದವಳೂ ನಾನೇ.

ಅತ್ತೆಯ ವ್ಯಾಧಿಯನ್ನು, ನನ್ನ ಕ-ಖ-ಗ-ಘದ ವ್ಯಾಧಿಯನ್ನು, ನನಗರಿವಿಲ್ಲದೆ ಯಂತ್ರಕ್ಕೂ ಅಂಟಿಸಿದ್ದೆ. ಮದ್ದು ಎಷ್ಟು ಸರಳವಾಗಿತ್ತೆಂದರೆ ಹೇಳಲು ನಾಚಿಕೆ: ಕಿಟಕಿ ತೆರೆದಾಗ ಒಮ್ಮೆ, ಒಂದೇ ಒಮ್ಮೆ, ಫೈಲನ್ನು ಪೂರ್ತಿಯಾಗಿ ಓದಿ ನೆನಪಿನಲ್ಲಿಟ್ಟುಕೋ, ಆಮೇಲೆ ಪೆನ್‌ಡ್ರೈವಿನ ಮುಖ ನೋಡಬೇಡ, ತೆರೆಗೆ ಹಿಡಿಸುವ ಏಳು ಸಾಲನ್ನು ಮಾತ್ರ ಬಡಿಸು. ಒಂದೇ ಟ್ರಿಪ್ಪಿನಲ್ಲಿ ವಡೆಯೆಲ್ಲ ತಂದು ಡಬ್ಬಿಯಲ್ಲಿಟ್ಟು, ಕೇಳಿದವರ ತಟ್ಟೆಗೆ ಕೇಳಿದಷ್ಟು. ಕೀಲಿ ಒತ್ತಿದೆ. ಕುಂಬಾರನ ಮನೆ ಕಣ್ಣು ಮಿಟುಕಿಸುವ ಮೊದಲೇ ಬಂತು, ನೇಕಾರನ ಮನೆ ಬಂತು, ಕೊನೆಯ ಸಾಲಿಗೆ ಹಾರಿದರೂ ಅಷ್ಟೇ ವೇಗ. ನಾನು ಸೌಟು ಹಿಡಿದುಕೊಂಡೇ ನಡುಮನೆಗೆ ಓಡಿದೆ. ಸಾರು ಸೀದದ್ದು ಆಮೇಲೆ ಗೊತ್ತಾಯಿತು. ಅತ್ತೆ ಹತ್ತು ಸಲ ತಾವೇ ಒತ್ತಿ ನೋಡಿ, “ಊಂ, ಓಗನ” ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಪ್ರಶಸ್ತಿಪತ್ರವಿಲ್ಲ.

ಚಪ್ಪರದ ದಿನ ಮದ್ದೂರಿನಲ್ಲಿ ಅಕ್ಕಿಮೂಟೆಯ ಮೇಲೆ ಲ್ಯಾಪ್‌ಟಾಪು ವಿರಾಜಮಾನವಾಯಿತು. ಮಾವಿನೆಲೆಯ ವಾಸನೆ, ಹಸೆಯ ಮೇಲೆ ಕುಳಿತ ಮದುಮಗಳು, ಎದುರು ಸಾಲಿನಲ್ಲಿ ಹತ್ತು ಹೆಂಗಸರು, ಅವರ ನಡುವೆ ಮಳವಳ್ಳಿಯ ನಾಗಮ್ಮ. ಅತ್ತೆ ಪದ ಎತ್ತಿದರು. ನಾನು ಒತ್ತುತ್ತ ಹೋದೆ. ಕಿಟಕಿ ಒಮ್ಮೆಯೂ ತಡವರಿಸಲಿಲ್ಲ.

ತಡವರಿಸಿದ್ದು ನಾನು. ಮದುಮಗಳ ಕಾಲಿನ ಹೆಬ್ಬೆರಳು ಸೀರೆಯ ಅಂಚಿನಿಂದ ಇಣುಕಿ ಅತ್ತೆಯ ಹಾಗೆಯೇ ತಾಳ ತಟ್ಟುತ್ತಿದ್ದುದು ಕಣ್ಣಿಗೆ ಬಿತ್ತು. ಅದನ್ನು ನೋಡುತ್ತ ಮೈಮರೆತ ನನ್ನ ಬೆರಳು ಕೀಲಿಯನ್ನು ಮರೆತೇಬಿಟ್ಟಿತು. ಎದುರಿನವರು ಕುಂಬಾರನ ಮುಚ್ಚಳದ ಸಾಲನ್ನು ತಿರುಗಿ ಹೇಳಿ ಮುಗಿಸಿದರು. ಅತ್ತೆ ಕಿಟಕಿ ನೋಡಿದರು. ಅದು ಮೂರು ಸಾಲು ಹಿಂದೆ ನಿಂತಿತ್ತು. ನನ್ನನ್ನು ನೋಡಿದರು. ಅದೇ ಮೌನ ಚಪ್ಪರದ ತುಂಬ ಹಬ್ಬತೊಡಗಿತು. ನಾಗಮ್ಮನ ಹುಬ್ಬು ಮೇಲೇರುವುದು ಕಂಡಿತು.

ಆಗ, ಕೀಲಿ ಒತ್ತಬೇಕೆಂದು ಬುದ್ಧಿಗೆ ಹೊಳೆಯುವ ಮೊದಲೇ, ನನ್ನೊಳಗೆ ಏನೋ ಒಂದು, ಮೇದರವನ ಮನೆಯಿಂದ ಹಿಡಿದು, ಓಡತೊಡಗಿತು. ಬಿದಿರು, ಮಡಕೆ, ಕುಡಿಕೆ, ಮುಚ್ಚಳ ಎಲ್ಲವನ್ನೂ ದಾಟಿ, ಆ ಭರದಲ್ಲೇ ಮುಂದಕ್ಕೆ ಜಿಗಿಯಿತು. ನೇಕಾರನ ಮನೆಯ ಮೊದಲ ಸಾಲು ನನ್ನ ಬಾಯಿಂದ, ಕಾನ್ವೆಂಟಿನ ಪ್ರಾರ್ಥನೆಗೆ ಪಳಗಿದ ಕೀರಲು ಕಂಠದಲ್ಲಿ, ಹೊರಗೆ ಬಂದಿತ್ತು. ಎದುರಿನವರು ಅದನ್ನು ತಿರುಗಿ ಹೇಳಿದರು. ಅಷ್ಟರಲ್ಲಿ ಅತ್ತೆ ಮುಂದಿನದನ್ನು ಹಿಡಿದಿದ್ದರು; ಆಮೇಲೆ ಕೊನೆಯವರೆಗೂ ಅವರು ಕಿಟಕಿಯತ್ತ ತಿರುಗಲಿಲ್ಲ. ನಾನೂ ಒತ್ತಲಿಲ್ಲ.

ಊಟಕ್ಕೆ ಕೂತಾಗ ನಾಗಮ್ಮ ಇಷ್ಟೇ ಹೇಳಿದರು: “ಇವತ್ತು ಸೀರೆ ತಂದ್ರು ಬುಡು, ಅತ್ತೆ ಸೊಸೆ ಇಬ್ರೂ.” ಅತ್ತೆ ಎರಡನೆಯ ಸಲ ಪಾಯಸ ಹಾಕಿಸಿಕೊಂಡು ನನ್ನ ಕಡೆ ವಾಲಿದರು. “ಬಾಯಲ್ಲೇ ಇತ್ತಲ್ಲ ಕಣಮ್ಮ, ಆ ಡಬ್ಬ ಯಾಕೆ ಒತ್ಕ ಬಂದೆ?”

ಡಬ್ಬಕ್ಕೆ ಒಂದೇ ಸಲ ಓದಿದರೆ ಸಾಕು, ನನಗೆ ಸಾಲದು. ಕುಕ್ಕರು ಕೂಗಿದಾಗಲೆಲ್ಲ ಅತ್ತೆ ಮೊದಲ ಸಾಲಿಗೆ ಮರಳದೆ ಹೋಗಿದ್ದರೆ ಆ ಪದ ಫೈಲಿನಲ್ಲಿರುತ್ತಿತ್ತು, ಅಷ್ಟೇ.

ನಿನ್ನೆ ಮಧ್ಯಾಹ್ನ ಮತ್ತೆ ನಿಘಂಟು ತೆರೆಯಬೇಕಾಯಿತು. ಅತ್ತೆ ಅಲ್ಲೇ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಈ ಸಲ ನಾನು ಅತ್ತಿತ್ತ ನೋಡದೆ, ದನಿಯನ್ನೂ ತಗ್ಗಿಸದೆ, ಕ ಖ ಗ ಘ ಙ ಎಂದು ಆರಂಭಿಸಿದೆ. ಮೊರದಿಂದ ತಲೆಯೆತ್ತದೆ ಅವರು, ಚಪ್ಪರದ ಕೆಳಗೆ ಹೇಳುವ ಅದೇ ರಾಗದಲ್ಲಿ, ಕ ಖ ಗ ಘ ಙ ಎಂದು ತಿರುಗಿ ಹೇಳಿದರು. ಅಷ್ಟು ಹೊತ್ತಿಗೆ ನನಗೆ ಚ ಛ ಜ ಝ ಸಿಕ್ಕಿತ್ತು.