ನಡುವಿನ ಮೂವತ್ತಾರು ಹಾಳೆ

ಅವರ ಎಡಗೈಯ ಅಂಚು, ಕಿರುಬೆರಳಿನಿಂದ ಮಣಿಕಟ್ಟಿನವರೆಗೆ, ಸದಾ ಕಪ್ಪಗೆ ಹೊಳೆಯುತ್ತಿತ್ತು. ಜೋಗುಪಾಳ್ಯದ ನಮ್ಮ ಮನೆಯ ಮಹಡಿ ಕೋಣೆಯನ್ನು ಬಾಡಿಗೆಗೆ ಕೇಳಿಕೊಂಡು ಬಂದ ದಿನ ನಾನು ಮೊದಲು ನೋಡಿದ್ದು ಅವರ ಮುಖವನ್ನಲ್ಲ, ಆ ಕೈಯನ್ನು. ಮೂವತ್ತೈದು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು ನಾನು. ಕೊಳೆ ಕೈ ಕಂಡರೆ ಸುಮ್ಮನಿರಲಾಗುವುದಿಲ್ಲ. ಹಿತ್ತಲ ನಲ್ಲಿ ತೋರಿಸಿ ಸೋಪು ಕೊಟ್ಟೆ.

"ಹೋಗಂಗಿಲ್ರಿ ಅಕ್ಕಾರ," ಎಂದರು. ಆದರೂ ವಿಧೇಯರಾಗಿ ತೊಳೆದುಕೊಂಡರು. "ಪೆನ್ಸಿಲಿಂದ್ರಿ. ಇಪ್ಪತ್ತೆಂಟು ವರ್ಷದ್ದದ."

"ಏನ್ ಕೆಲ್ಸ ಮಾಡ್ತೀರಾ?"

"ನಡುವಿನ ಕೆಲಸ್ರಿ."

ಆ ಮಾತು ಅರ್ಥವಾಗಲು ನನಗೆ ಒಂದು ವಾರ ಬೇಕಾಯಿತು. ಇಂದಿರಾನಗರದ ಒಂದು ಸ್ಟುಡಿಯೊದಲ್ಲಿ ಅವರು ಹೊರದೇಶದ ಕಾರ್ಟೂನುಗಳಿಗೆ ಚಿತ್ರ ಬರೆಯುತ್ತಿದ್ದರು. ಮುಖ್ಯ ಕಲಾವಿದ ಎತ್ತಿದ ಕೈಯನ್ನು ಬರೆಯುತ್ತಾನೆ, ಇಳಿಸಿದ ಕೈಯನ್ನು ಬರೆಯುತ್ತಾನೆ. ಎತ್ತಿದ್ದು ಇಳಿಯಬೇಕಾದರೆ ನಡುವೆ ಹತ್ತಾರು ಚಿತ್ರ ಬೇಕು. ಅವನ್ನು ಬರೆಯುವುದು ಇವರ ಕೆಲಸ. ತೆರೆಯ ಮೇಲೆ ಬರುವುದು ಮುಖ್ಯ ಕಲಾವಿದನ ಹೆಸರು. ಸ್ಟುಡಿಯೊ ಕಂಪ್ಯೂಟರಿಗೆ ಬದಲಾದ ಮೇಲೆ ನಡುವಿನದನ್ನು ಯಂತ್ರವೇ ತುಂಬತೊಡಗಿತು. ಇವರು ತಮ್ಮ ಗಾಜಿನ ಮೇಜನ್ನು ಹೊತ್ತುಕೊಂಡು ಹೊರಬಂದರು. ಕೆಳಗಿನಿಂದ ದೀಪ ಉರಿಯುವ ಮೇಜು ಅದು. ಹಾಳೆಯ ಮೇಲೆ ಹಾಳೆ ಇಟ್ಟರೆ ಕೆಳಗಿನ ಗೆರೆ ಮೇಲಕ್ಕೆ ಕಾಣುತ್ತದೆ, ಅದನ್ನು ನೋಡಿಕೊಂಡು ಮುಂದಿನ ಚಿತ್ರ ಬರೆಯಬೇಕು. ಹೊಟ್ಟೆಪಾಡಿಗೆ ಕಮ್ಮನಹಳ್ಳಿಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದರು.

ಕಲಬುರಗಿ ಕಡೆಯವರು. ವಯಸ್ಸು ಐವತ್ತರ ಆಚೆ, ಮದುವೆಯಾಗಿರಲಿಲ್ಲ. ಬೀದಿಯವರಿಗೆಲ್ಲ ಅವರು 'ಸಿಸ್ಟರಮ್ಮನ ಮಹಡಿಯವರು'. ನಾನೂ ಹೆಸರು ಹಿಡಿದು ಕರೆದವಳಲ್ಲ, ಮಹಡಿಯವರು ಎಂದೇ ಕರೆದೆ.

ಜನ ನಡೆಯುವುದನ್ನು, ಏಳುವುದನ್ನು, ಕೂರುವುದನ್ನು ಅವರು ಹಾಳೆಗಳ ಲೆಕ್ಕದಲ್ಲಿ ನೋಡುತ್ತಿದ್ದರು. ಹಲಸೂರು ಮಾರ್ಕೆಟ್ಟಿನಲ್ಲಿ ಹೂವಿನ ಬುಟ್ಟಿ ಎತ್ತುವ ಹೆಂಗಸನ್ನು ನೋಡಿ "ಹದಿನಾಲ್ಕು" ಎನ್ನುತ್ತಿದ್ದರು. ಬಸ್ಸಿಳಿಯುವ ಮುದುಕನಿಗೆ ಇಪ್ಪತ್ತು. ಒಂದು ದಿನ ನನ್ನನ್ನೇ ನೋಡಿ ನಕ್ಕರು.

"ಏನ್ರೀ ನಗು?"

"ನೀವು ಗೇಟ್ ತೆಗೀತೀರಲ್ರಿ ಅಕ್ಕಾರ, ಬರೇ ಮೂರು ಹಾಳಿ. ಮುಚ್ಚಿದ್ದು, ತೆಗೆದಿದ್ದು, ಮತ್ತ ಮುಚ್ಚಿದ್ದು. ನಡುವ ಏನೂ ಇಲ್ಲ."

ಅದು ಹೊಗಳಿಕೆಯೆಂದೇ ನಾನು ತೆಗೆದುಕೊಂಡೆ.

ನಮ್ಮ ಮನೆಗೆ ಬಂದ ಎರಡನೆಯ ವರ್ಷ ಅವರಿಗೆ ಜಪಾನಿನಿಂದ ಒಂದು ಪತ್ರ ಬಂತು. ಹಿಂದೆ ಅವರ ಸ್ಟುಡಿಯೊಗೆ ಕೆಲಸ ಕೊಡುತ್ತಿದ್ದ ಒಬ್ಬರು ಈಗ ಬೇರೆ ಬೇರೆ ಕಲಾವಿದರಿಂದ ಎಂಟು ಸಣ್ಣ ಚಿತ್ರ ಮಾಡಿಸಿ ಒಂದೇ ಕಟ್ಟಾಗಿ ಹೊರತರುತ್ತಿದ್ದರು. ಇವರ ನಡುವಿನ ಹಾಳೆಗಳನ್ನು ಅವರು ಮರೆತಿರಲಿಲ್ಲ. ಮೂರು ನಿಮಿಷದ ಒಂದು ಚಿತ್ರ, ಮೊದಲಿಂದ ಕೊನೆಯವರೆಗೆ ನಿಮ್ಮದೇ, ಏನು ಬೇಕಾದರೂ ಮಾಡಿ ಎಂದು ಬರೆದಿದ್ದರು.

"ಕಥಾ ಸಂಕಲನ ಇರ್ತದಲ್ರಿ, ಹಂಗ," ಎಂದು ನನಗೆ ವಿವರಿಸಿದರು. "ಎಂಟು ಮಂದಿ, ಎಂಟು ಪಿಚ್ಚರ್."

"ನಿಮ್ಮದು ಏನ್ ಕಥೆ?"

"ಕಥಿ ಇಲ್ರಿ."

"ಕಥೆ ಇಲ್ದಿರೋ ಪಿಚ್ಚರ್ ಯಾರ್ರೀ ನೋಡ್ತಾರೆ?"

ಅವರು ಅದೇ ಜನ ಹಿಂದೆ ತಂದಿದ್ದ ಒಂದು ಸಂಕಲನವನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿದರು. ಒಂದು ಚಿತ್ರದಲ್ಲಿ ಮುದುಕಿಯೊಬ್ಬಳ ಮುಖದ ಸುಕ್ಕುಗಳು ಎದ್ದು ಹೊಳೆಯಾಗಿ ಹರಿದುಹೋಗುತ್ತವೆ. ಇನ್ನೊಂದರಲ್ಲಿ ಸೀಮೆಸುಣ್ಣದಲ್ಲಿ ಬರೆದ ಊರು ಮೂಲೆಯಿಂದ ಅಳಿಯುತ್ತ ಬರುತ್ತದೆ, ಒಳಗಿನವರು ಅಡುಗೆ ಮಾಡುತ್ತಲೇ ಇರುತ್ತಾರೆ. ಮತ್ತೊಂದರಲ್ಲಿ ಕಪ್ಪು ತೆರೆಯ ಮೇಲೆ ಒಂದೇ ಒಂದು ಬಿಳಿ ಗೆರೆ, ಅದು ಸಣ್ಣಗೆ ಏರಿ ಇಳಿಯುತ್ತದೆ, ಅಷ್ಟೇ. ನನ್ನ ಕಣ್ಣು ತಾನಾಗಿ ಗಡಿಯಾರಕ್ಕೆ ಹೋಯಿತು.

"ಎಪ್ಪತ್ತೆರಡು," ಎಂದೆ. "ನಾರ್ಮಲ್ ಪಲ್ಸು."

ಅವರು ನಗುವುದು ಭುಜದಲ್ಲಿ, ಸದ್ದಿಲ್ಲದೆ. ಅಂದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಅಕ್ಕಾರ, ನಿಮಗ ತಿಳೀತು ನೋಡ್ರಿ. ಕಥಿ ಬೇಕಾಗಿಲ್ಲ." ಅಂದಿನಿಂದ ಬರೆದ ಹಾಳೆಗಳನ್ನು ನನಗೆ ತೋರಿಸತೊಡಗಿದರು. ಅವುಗಳನ್ನು ನಂಬರಿನ ಪ್ರಕಾರ ಜೋಡಿಸಿ ನೂರು ನೂರರ ಕಟ್ಟು ಮಾಡುವುದು ನನ್ನ ಪಾಲಿನ ಕೆಲಸವಾಯಿತು.

ಅವರ ಚಿತ್ರದಲ್ಲಿ ಇದ್ದದ್ದು ಅವರ ತಾಯಿಯ ಎರಡು ಕೈ ಮಾತ್ರ. ಜೋಳದ ರೊಟ್ಟಿ ಮಾಡುವ ಕೈ. ಹಿಟ್ಟಿನ ಉಂಡೆ ಅಗಲವಾಗುತ್ತ ರೊಟ್ಟಿಯಾಗುತ್ತದೆ, ರೊಟ್ಟಿ ಹೊಲವಾಗುತ್ತದೆ, ಹೊಲ ಬಾವಿಯಾಗುತ್ತದೆ, ಬಾವಿಯೊಳಗೆ ಆಕಾಶ ಕಾಣುತ್ತದೆ. ಕೈಗಳು ಬಡಿಯುತ್ತಲೇ ಇರುತ್ತವೆ.

"ರೊಟ್ಟಿ ತಟ್ಟೋದು ಚೆನ್ನಾಗಿ ಬಂದಿದೆ," ಎಂದೆ.

"ತಟ್ಟೂದಲ್ರಿ ಅಕ್ಕಾರ, ಬಡಿಯೂದು. ತಟ್ಟೂದು ಕೂಸಿನ್ನ ಮಲಗಿಸ್ಲಿಕ್ಕ. ರೊಟ್ಟಿ ಬಡೀಬೇಕ್ರಿ."

ಸೆಕೆಂಡಿಗೆ ಹನ್ನೆರಡು ಹಾಳೆ. ಮೂರು ನಿಮಿಷಕ್ಕೆ ಎರಡು ಸಾವಿರ ದಾಟುತ್ತದೆ. ಬೀದಿ ಕೊನೆಯ ಅಂಗಡಿಯವನು ದಿನವೂ ಕೇಳುತ್ತಿದ್ದ: "ಏನ್ ಸಿಸ್ಟರಮ್ಮ, ನಿಮ್ ಮಹಡಿಯವರ ರೊಟ್ಟಿ ಇನ್ನೂ ಬೆಂದಿಲ್ವಾ?"

ಅರ್ಧ ಮುಗಿಯುವಷ್ಟರಲ್ಲಿ ಅವರ ಕಾಲು ಊದತೊಡಗಿತು. ನೋಡಿದ ಕೂಡಲೇ ಆಸ್ಪತ್ರೆಗೆ ಕಳಿಸಿದೆ. ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಮೂರು ದಿನ ಡಯಾಲಿಸಿಸ್ ಎಂದರು. ಅದಕ್ಕೆ ಮೊದಲು ಒಂದು ತೋಳಿನ ರಕ್ತನಾಳಗಳನ್ನು ಜೋಡಿಸುವ ಸಣ್ಣ ಆಪರೇಷನ್ ಆಗಬೇಕು. ಸೂಜಿ ಚುಚ್ಚುವುದು ಮುಂದೆ ಅಲ್ಲಿಗೇ. ಆ ತೋಳನ್ನು ಒತ್ತಿ ಊರುವಂತಿಲ್ಲ, ದಣಿಸುವಂತಿಲ್ಲ. ಆಪರೇಷನ್ನಿನ ಹಿಂದಿನ ದಿನ ನೋಡಿದರೆ ಗುರುತು ಹಾಕಿಸಿಕೊಂಡು ಬಂದದ್ದು ಎಡ ತೋಳಿಗೆ.

"ಏನ್ರೀ ಇದು? ನೀವು ಬರೆಯೋದು ಎಡಗೈಲಿ ಅಲ್ವಾ?"

"ಸಹಿ ಬಲಗೈಲೆ ಮಾಡಿದ್ನಿರಿ. ಅವರು ಅದನ್ನ ನೋಡಿ ಎಡಕ್ಕ ಹಾಕ್ಯಾರ."

ಊರಿನ ಶಾಲೆಯಲ್ಲಿ ಮಾಸ್ತರು ಅವರ ಎಡಗೈಯನ್ನು ಬೆಂಚಿಗೆ ಕಟ್ಟಿ ಬಲಗೈಯಲ್ಲಿ ಅಕ್ಷರ ಕಲಿಸಿದ್ದರಂತೆ. ಅಕ್ಷರ ಬಲಗೈಗೆ ಹೋಯಿತು, ಚಿತ್ರ ಎಡಗೈಯಲ್ಲೇ ಉಳಿಯಿತು. ಯಾವ ಕೈಯಲ್ಲಿ ಬರೆಯುತ್ತೀರಿ ಎಂದು ಡಾಕ್ಟರು ಕೇಳಿದ್ದರು, ಇವರು ಬಲಗೈ ಎಂದಿದ್ದರು. ಸುಳ್ಳಲ್ಲ. ಗುರುತು ಹಾಕುವಾಗ ಗೊತ್ತಾಗಿದೆ, ದೊಡ್ಡ ಡಾಕ್ಟರಿಗೆ ಎದುರು ಹೇಳುವುದು ಹೇಗೆ ಎಂದು ಸುಮ್ಮನಿದ್ದಾರೆ. ಮರುದಿನ ಆರಕ್ಕೆ ನಾನೇ ಜೊತೆಗೆ ಹೋಗಿ ಗುರುತನ್ನು ಬಲಕ್ಕೆ ಹಾಕಿಸಿದೆ. ದಾರಿಯುದ್ದಕ್ಕೂ ಬೈದೆ. ಅವರು ಎಡಗೈಯನ್ನು ಶರ್ಟಿನೊಳಗೆ ಇಟ್ಟುಕೊಂಡು ಕೂತಿದ್ದರು.

ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್. ಬೆಳಗ್ಗೆ ಹೋದವರು ಹನ್ನೊಂದಕ್ಕೆ ಬರುತ್ತಿದ್ದರು, ಮುಖ ಬಿಳಿಚಿಕೊಂಡು. ನಾನು ಕಲಿತ ಕಾಲದಲ್ಲಿ ಅಂಥ ರೋಗಿಯನ್ನು ಆ ಇಡೀ ದಿನ ಹಾಸಿಗೆಯಿಂದ ಏಳಲು ಬಿಡುತ್ತಿರಲಿಲ್ಲ. ಆ ನಿಯಮವನ್ನೇ ಮಹಡಿಗೂ ತಂದೆ. ಗಂಜಿ, ಮಾತ್ರೆ, ಮಲಗುವುದು. ಪೆನ್ಸಿಲ್ ಮರುದಿನ ಬೆಳಗ್ಗೆ ಏಳರ ನಂತರ.

"ಅಕ್ಕಾರ, ಬರೇ ಹತ್ತು ಹಾಳಿ."

"ಒಂದೂ ಇಲ್ಲ. ಮಲಗಿ."

ನಾನು ಕೆಳಗಿಳಿದ ಮೇಲೆ ಮೇಜಿನ ದೀಪ ಹಾಕುತ್ತಿದ್ದಾರೆಂದು ಒಮ್ಮೆ ಗೊತ್ತಾಯಿತು. ಮೇಜಿನ ವೈರನ್ನೇ ಕಿತ್ತು ತಂದು ನನ್ನ ಬೀರುವಿನಲ್ಲಿಟ್ಟೆ. ಆಮೇಲೆ ಅದೇ ರೂಢಿಯಾಯಿತು. ವಾರಕ್ಕೆ ಮೂರು ದಿನ ವೈರು ಕೆಳಗೆ ಬರುತ್ತಿತ್ತು, ಮರುಬೆಳಗ್ಗೆ ಮೇಲೆ ಹೋಗುತ್ತಿತ್ತು.

"ನಮ್ಮ ಮಾಸ್ತರಕಿಂತ ನೀವ ಬಿರುಸ್ರಿ," ಎಂದರು ಒಂದು ದಿನ, ಗೋಡೆಯ ಕಡೆ ತಿರುಗಿ ಮಲಗಿಕೊಂಡು. "ಅಂವ ಬರೇ ಕೈ ಕಟ್ಟಿದ್ದ."

ನಾನು ನಕ್ಕು ಕಿಟಕಿ ಪರದೆ ಎಳೆದೆ.

ಚಿತ್ರದಲ್ಲಿ ಒಂದು ಜಾಗವನ್ನು ಮಾತ್ರ ಅವರು ಕೊನೆಗೆಂದು ಬಿಟ್ಟಿದ್ದರು. ಬಡಿಯುತ್ತಿದ್ದ ಕೈ ಮೇಲೆತ್ತಿ ಗಾಳಿಯಲ್ಲಿ ನಿಲ್ಲುತ್ತದೆ, ಆಮೇಲೆ ನಿಧಾನವಾಗಿ ಇಳಿದು ಸೆರಗಿಗೆ ಹಿಟ್ಟು ಒರೆಸಿಕೊಳ್ಳುತ್ತದೆ. ಎತ್ತಿದ್ದು ಬರೆದಿದ್ದರು, ಒರೆಸುವುದು ಬರೆದಿದ್ದರು. ನಡುವೆ ಮೂವತ್ತಾರು ಹಾಳೆ ಬಾಕಿ, ಮೂರು ಸೆಕೆಂಡು.

"ಇಷ್ಟೇ ತಾನೇ? ಮುಗಿಸಿಬಿಡಿ," ಎಂದೆ.

"ಇವು ಅವಸರಕ್ಕ ಆಗಂಗಿಲ್ರಿ. ಇಲ್ಲಿ ಬಾಗಿಲದಾಗ ಮಗ ಬಂದಾನ. ಅವ್ವ ನೋಡ್ತಾಳ. ಬರೇ ಕೈಯಾಗ ಅದು ಕಾಣಬೇಕು." ಪೆನ್ಸಿಲ್ ಕೆಳಗಿಟ್ಟು ಹೇಳಿದರು: "ಖರೇ ಅಂದ್ರ ಅವ್ವ ಹಾಸಿಗಿ ಹಿಡಿದಾಗ ನಾ ಹೋಗಿರಲಿಲ್ರಿ. ಸ್ಟುಡಿಯೊದಾಗ ಅರ್ಜೆಂಟ್ ಕೆಲಸಿತ್ತು. ಯಾರದೋ ಒಂದು ಬೆಕ್ಕು ಗ್ವಾಡಿ ಜಿಗೀಲಿಕ್ಕ ನಡುವಿನ ಹಾಳಿ ಬೇಕಾಗಿದ್ದವು. ಅದು ಮುಗಿಸಿ ಊರು ಮುಟ್ಟೂದರಾಗ ಅವ್ವನ ಮಣ್ಣು ಆಗಿತ್ತು."

ಅದು ಸೋಮವಾರ. ಆ ಸಂಜೆ ನಾಲ್ಕು ಸಲ ಬರೆದು ನಾಲ್ಕು ಸಲ ಅಳಿಸಿದರು. ಮರುದಿನ ಡಯಾಲಿಸಿಸ್ ಮುಗಿಸಿ ಬಂದಾಗ ಮುಖದಲ್ಲಿ ಎಂದೂ ಇಲ್ಲದ ಗೆಲುವಿತ್ತು. "ಅಕ್ಕಾರ, ಆ ಕೈ ಹೊಳೀತ್ರಿ. ಮಷೀನಿನ ಬಾಜು ಮಲಗಿದಾಗ ಎಲ್ಲಾ ಕಂಡಿತು. ವೈರು ಕೊಡ್ರಿ," ಎಂದರು. ನಾನು ಗಂಜಿ ಕೊಟ್ಟೆ. ಬುಧವಾರ ಜ್ವರ ಬಂತು, ಕೂರಲಾಗಲಿಲ್ಲ. ಗುರುವಾರ ಮತ್ತೆ ಕೇಳಿದರು. ಮತ್ತೆ ಇಲ್ಲವೆಂದೆ. ಶುಕ್ರವಾರವೆಲ್ಲ ಸುಸ್ತು. ಶನಿವಾರ ಬೆಳಗ್ಗೆ ಡಯಾಲಿಸಿಸ್ ನಡೆಯುತ್ತಿದ್ದಾಗಲೇ ಹೃದಯ ನಿಂತಿತು. ಆಸ್ಪತ್ರೆಯಿಂದ ಫೋನ್ ಬಂದಾಗ ನಾನು ಒಲೆಯ ಮೇಲೆ ಅವರ ಗಂಜಿಗೆ ಅಕ್ಕಿ ಹಾಕಿದ್ದೆ.

ಊರಿನಿಂದ ಅವರ ತಮ್ಮ ಬಂದು ದೇಹವನ್ನು ಕೊಂಡೊಯ್ದ. ಹಾಳೆಗಳ ಕಟ್ಟು ತೋರಿಸಿದರೆ ಕೈಮುಗಿದ. "ನಮಗೇನ್ ತಿಳೀತದ್ರಿ ಬಾಯಾರ. ನಿಮ್ಮ ಹಂತೇಕ ಇರಲಿ," ಎಂದ.

ಆಸ್ಪತ್ರೆಯ ಕಾಗದಪತ್ರಕ್ಕೆ ಹೋದ ದಿನ, ಡಯಾಲಿಸಿಸ್ ವಿಭಾಗದ ಚಿಕ್ಕ ವಯಸ್ಸಿನ ಡಾಕ್ಟರನ್ನು, ಆ ದಿನಗಳಲ್ಲಿ ಅವರನ್ನು ಬರೆಯಲು ಬಿಡಬಹುದಿತ್ತೇ ಎಂದು ಕೇಳಿಯೇಬಿಟ್ಟೆ. ಆಕೆ ಸಮಾಧಾನ ಹೇಳುವ ದನಿಯಲ್ಲೇ ಹೇಳಿದಳು: "ನಿಮ್ ಆರೈಕೆಯಲ್ಲಿ ಏನೂ ಕಮ್ಮಿ ಇರ್ಲಿಲ್ಲ ಮೇಡಂ. ಚಿತ್ರ ಬರೆದಿದ್ರೂ ಏನೂ ಆಗ್ತಿರ್ಲಿಲ್ಲ. ಎಷ್ಟೋ ಜನ ಡಯಾಲಿಸಿಸ್ ಮುಗ್ಸಿ ಸೀದಾ ಆಫೀಸಿಗೆ ಹೋಗ್ತಾರೆ. ಕಾಲ ಬದಲಾಗಿದೆ."

ನಾನು ಥ್ಯಾಂಕ್ಸ್ ಹೇಳಿ ಎದ್ದೆ. ಅಲ್ಲಿಂದ ಹಲಸೂರು ಕೆರೆಯವರೆಗೆ ನಡೆದು ಬಂದದ್ದು ನೆನಪಿದೆ. ಅವರ ಎಡಗೈಯನ್ನು ಸೂಜಿಯಿಂದ ಉಳಿಸಿದೆನೆಂದು ಬೀದಿಯಲ್ಲೆಲ್ಲ ಹೇಳಿಕೊಂಡಿದ್ದೆ. ಉಳಿಸಿದ್ದನ್ನು ವಾರಕ್ಕೆ ಮೂರು ದಿನ ಹೊದಿಕೆಯೊಳಗೆ ಕಟ್ಟಿಹಾಕಿದವಳೂ ನಾನೇ.

ಹಾಳೆಗಳನ್ನು ಜಪಾನಿಗೆ ಕಳಿಸಿದೆ. ಸಂಕಲನದವರು ಇಂಗ್ಲಿಷಿನಲ್ಲಿ ಮರ್ಯಾದೆಯಿಂದ ಬರೆದರು. ಬಾಕಿ ಇರುವ ಮೂವತ್ತಾರನ್ನು ನಮ್ಮ ಕಲಾವಿದರು ಒಂದೇ ದಿನದಲ್ಲಿ ತುಂಬಬಲ್ಲರು, ಅವರ ಗೆರೆಯಂತೆಯೇ ಇರುತ್ತದೆ, ನಿಮ್ಮ ಒಪ್ಪಿಗೆ ಬೇಕು ಎಂದಿದ್ದರು. ಒಪ್ಪಿಗೆ ಕೊಡಲು ನಾನು ಯಾರು? ತಮ್ಮನನ್ನು ಕೇಳಿದರೆ ನೀವು ಹೇಳಿದಂತೆ ಎಂದ. ಎರಡು ದಿನ ಯೋಚಿಸಿದೆ. ಬೇರೆ ಯಾರೋ ಬರೆದರೆ ಚಿತ್ರ ಪೂರ್ತಿಯಾಗುತ್ತದೆ. ಆದರೆ ಆ ಕೈ ಹೇಗೆ ನಿಂತಿತೆಂದು ಹೊಳೆದಿದ್ದದ್ದು ಒಬ್ಬರಿಗೇ. ಖಾಲಿ ಹಾಳೆಗಳನ್ನೇ ಅಲ್ಲಿ ಇಡಿ, ಶಬ್ದ ಹಾಕಬೇಡಿ ಎಂದು ಉತ್ತರಿಸಿದೆ. ಸರಿ ಮಾಡಿದೆನೋ ಇಲ್ಲವೋ ಈಗಲೂ ಗೊತ್ತಿಲ್ಲ. ಅವರು ಇದ್ದಿದ್ದರೆ, ನಡುವಿನವರಿಗೂ ಒಂದು ದಿನದ ಕೆಲಸ ಸಿಗಲಿ ಬಿಡ್ರಿ ಅಕ್ಕಾರ ಎನ್ನುತ್ತಿದ್ದರೇನೋ.

ಕಳೆದ ತಿಂಗಳು ಆ ಸಂಕಲನವನ್ನು ಇಂದಿರಾನಗರದ ಒಂದು ಸಣ್ಣ ಸಭಾಂಗಣದಲ್ಲಿ ತೋರಿಸಿದರು. ನನ್ನನ್ನು ಬಿಟ್ಟರೆ ಎಲ್ಲ ಇಪ್ಪತ್ತು ಮೂವತ್ತರ ಒಳಗಿನವರು. ಇವರದು ಐದನೆಯದು. ಮೊದಲೇ ಹೆಸರು ಬಂತು, ಕನ್ನಡದಲ್ಲಿ, ತೆರೆಯ ತುಂಬ. ಬಡಿತ ಶುರುವಾಯಿತು. ಹೊಲ, ಬಾವಿ, ಬಾವಿಯ ಆಕಾಶ. ಕೈ ಮೇಲೆತ್ತಿತು. ಬಿಳಿ. ಮೂರು ಸೆಕೆಂಡು ಅಷ್ಟು ಉದ್ದವೆಂದು ನನಗೆ ತಿಳಿದಿರಲಿಲ್ಲ. ಆಮೇಲೆ ಕೈ ಇಳಿದು ಸೆರಗಿಗೆ ಹಿಟ್ಟು ಒರೆಸಿಕೊಂಡಿತು.

ಚಪ್ಪಾಳೆ ಜೋರಾಗಿಯೇ ಬಂತು. ಪಕ್ಕದಲ್ಲಿ ಕೂತಿದ್ದ ಹುಡುಗಿ ನನ್ನ ಕಡೆ ಬಾಗಿದಳು.

"ಆಂಟಿ, ಆ ವೈಟ್ ಬಂತಲ್ಲ, ಎಷ್ಟ್ ಚೆನ್ನಾಗಿತ್ತು ಅಲ್ವಾ? ಅದು ಸಾವು ಅಂತಾನಾ?"

"ಅಲ್ಲಮ್ಮ," ಎಂದೆ. "ಅದು ಒಂದು ಮಂಗಳವಾರ, ಒಂದು ಗುರುವಾರ. ಅವರು ಬರೀತೀನಿ ಅಂದ್ರು. ನಾನು ಮಲಗಿ ಅಂದೆ."