ಸಿದ್ದಬಸಪ್ಪನವರ ಒಂಟಿ ಸೀಟಿನ ಕಾರು

ಮೂಡಿಗೆರೆಯ ಗೊಬ್ಬರದಂಗಡಿ ಸಿದ್ದಬಸಪ್ಪನವರು ಬ್ಯಾಟರಿ ರೇಸ್ ಕಾರು ತಗೊಂಡಿದ್ದಾರಂತೆ ಎಂದು ಕೇಳಿ, ಪಕ್ಕದಂಗಡಿಯ ರಂಗನಾಥ ಇವರ ಮನೆಯ ಶೆಡ್ಡಿನಲ್ಲೆಲ್ಲ ಹುಡುಕಿದ್ದ. ಕಾರು ಇದ್ದದ್ದು ಹಾಲ್‌ನ ಟಿವಿಯೊಳಗೆ, ವಿಡಿಯೊ ಗೇಮ್‌ನಲ್ಲಿ. ರಸ್ತೆಗೇ ಇಳಿಯದ, ಬರೀ ಕಲ್ಪನೆಯ ಕಾರು ಅದು. ಆದರೂ ಸಿದ್ದಬಸಪ್ಪನವರು ವಿಭೂತಿ ಸರಿಮಾಡಿಕೊಂಡು, ಪಂಚೆ ಕೊಡವಿಯೇ ಅದನ್ನು ಹತ್ತುವುದು. "ಹಗಲೂ ರಾತ್ರಿ ಓಡೋ ರೇಸ್ ಮಾರಾಯ, ಚಾರ್ಜ್ ಉಳಿಸಿದವನೇ ಗೆಲ್ಲೋದು" ಎಂದು ಯೂರಿಯಾ ಕೇಳಲು ಬಂದವರಿಗೂ ಪಾಠ ಹೇಳುತ್ತಾರೆ. ತಿರುವಿನಲ್ಲಿ ಸೋಫಾ ಸಮೇತ ವಾಲುತ್ತಾರೆ, ಹಾರನ್ ಇಲ್ಲದ ಕಾರಿಗೆ ಬಾಯಲ್ಲೇ 'ಪೀಂ' ಎನ್ನುತ್ತಾರೆ, ಹಿಂದಿನವರಿಗೆಲ್ಲ ಕೈಬೀಸಿ ದಾರಿ ಬಿಟ್ಟು, ಕೊನೆಯವರಾಗಿ ಗುರಿ ಮುಟ್ಟಿ, "ಒಂದು ಗೀರು ಬಿದ್ದಿದ್ರೆ ಹೇಳು" ಎಂದು ಬೀಗುತ್ತಾರೆ. ಇಂಥ ಡ್ರೈವರು ಅಂಗಡಿಗೆ ಬರುವುದು ಮಾತ್ರ ಆಟೋದಲ್ಲಿ. ಮನೆಯ ಜೀಪು ಟಾರ್ಪಾಲಿನಡಿ ಮಲಗಿದೆ. ಹೆಂಡತಿ ಸರೋಜಮ್ಮ ಎಡಗಾಲು ಎಳೆಯುತ್ತ ಕಾಫಿ ತಂದರೆ, ರೇಸು ಎಷ್ಟೇ ಜೋರಾಗಿರಲಿ, ಕಾರು ನಿಲ್ಲಿಸಿ ತಲೆ ತಗ್ಗಿಸುತ್ತಾರೆ. ಘಾಟಿಯಲ್ಲಿ ಜೀಪು ಮಗುಚಿದ ದಿನ ಪಕ್ಕದ ಸೀಟಿನಲ್ಲಿದ್ದ ಆಕೆ "ನಿಧಾನ, ನಿಧಾನ" ಅಂದಷ್ಟೂ ಇವರು ಹಟಕ್ಕೆ ಜೋರು ಮಾಡಿದ್ದರು. ಸರೋಜಮ್ಮನವರೋ ಆ ಮಾತೇ ಎತ್ತದೆ, "ಇವತ್ತೂ ಲಾಸ್ಟಾ?" ಎಂದು ನಗುತ್ತಾರೆ, ಆ ನಗುವಿಗೆ ಇವರು ಇನ್ನಷ್ಟು ಕುಗ್ಗುತ್ತಾರೆ. ಒಂದು ದಿನ ಆಕೆ ಒಳಗೆ ಹೋದ ಮೇಲೆ ರಂಗನಾಥ ಕೇಳಿಯೇಬಿಟ್ಟ: "ಗೇಮ್‌ನಲ್ಲಿ ಅಷ್ಟೊಂದು ಕಾರಿರುವಾಗ ಈ ಒಂಟಿ ಸೀಟಿಂದೇ ಯಾಕೆ ಸರ್?" ಸಿದ್ದಬಸಪ್ಪನವರು ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಪಕ್ಕದಲ್ಲಿ ಯಾರೂ ಕೂರೋ ಹಾಗಿಲ್ಲ. ಅದಕ್ಕೆ."