ಉಸಿರು ಬಿಟ್ಟು ನಿಲ್ಲಿ

ಆ ಬೀದಿಯ ದರ್ಜಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಮತದಾರರ ಪಟ್ಟಿಯಲ್ಲಿ ಹುಡುಕಿದರೆ ಈಗಲೂ ಸಿಗಬಹುದು. ಉಳಿದವರಿಗೆಲ್ಲ ಅವನು ಅರ್ಧ ಇಂಚು ಮಾಸ್ಟರ್. ಬೇರೆಯವರು ಹೊಲಿದ ಯಾವ ಬಟ್ಟೆ ಕಂಡರೂ ಕಣ್ಣು ಕಿರಿದು ಮಾಡಿ, "ಭುಜದಲ್ಲಿ ಅರ್ಧ ಇಂಚು ಹೋಗಿದೆ" ಎನ್ನುತ್ತಿದ್ದ. ಮದುಮಗನ ಕೋಟಿಗೂ ಹಾಗೆಯೇ ಅಂದಿದ್ದ, ಹೆಣಕ್ಕೆ ತೊಡಿಸಿದ ಕೋಟಿಗೂ ಹಾಗೆಯೇ ಅಂದಿದ್ದ. ಎರಡನೆಯ ಸಲ ಸತ್ತವನ ಭಾವಮೈದುನ ಅಳುವುದನ್ನು ಅರ್ಧಕ್ಕೆ ಬಿಟ್ಟು ಹೊಡೆಯಲು ಬಂದಿದ್ದ.

ಅಂಗಡಿ ಅಂದರೆ ನಾಲ್ಕು ಹೆಜ್ಜೆ ಅಗಲ, ಹತ್ತು ಹೆಜ್ಜೆ ಉದ್ದದ ಒಂದು ಕೋಣೆ. ಮುಂದೆ ಬಟ್ಟೆ ಕತ್ತರಿಸುವ ಮೇಜು, ಹಿಂದೆ ಹೆಂಡತಿಯ ಹೊಲಿಗೆ ಯಂತ್ರ, ನಡುವೆ ಪರದೆ ಕಟ್ಟಿದ ಟ್ರಯಲ್ ಮೂಲೆ, ಮೂಲೆಯಲ್ಲೊಂದು ಕನ್ನಡಿ. ಕನ್ನಡಿಯ ಮೇಲೆ ಮಾಸ್ಟರ್ ತಾನೇ ಬರೆದು ತೂಗುಹಾಕಿದ ಬೋರ್ಡು: "ಉಸಿರು ಬಿಟ್ಟು ನಿಲ್ಲಿ." ಟೇಪು ಸೊಂಟದ ಹತ್ತಿರ ಬಂತೆಂದರೆ ಸಾಕು, ಗಂಡಸರೆಲ್ಲ ಹೊಟ್ಟೆ ಒಳಗೆಳೆದು ಎದೆ ಉಬ್ಬಿಸಿ ಸೈನ್ಯಕ್ಕೆ ಸೇರುವವರ ಹಾಗೆ ನಿಲ್ಲುತ್ತಾರೆ. ಮೂವತ್ತು ವರ್ಷದಿಂದ ಮಾಸ್ಟರ್ ಅವರಿಗೆ ಹೇಳುತ್ತ ಬಂದ ಪಾಠ ಒಂದೇ.

"ನೀವು ಹೊಟ್ಟೆ ಎಳ್ಕೊಂಡು ನಿಂತ್ರೆ ನಾನು ಹೊಲಿಯೋದು ನಿಮಗಲ್ಲ ಸ್ವಾಮಿ, ಇನ್ಯಾರಿಗೋ. ಆಮೇಲೆ ಆ ಇನ್ಯಾರೋ ಬಂದು ಹಾಕ್ಕೊಳ್ಳಲ್ಲ. ನೀವೇ ಹಾಕ್ಕೋಬೇಕು."

ಕೆಲಸದ ಹಂಚಿಕೆಯಲ್ಲಿ ತಕರಾರು ಇರಲಿಲ್ಲ. ಅಳತೆ, ಗುರುತು, ಕತ್ತರಿ ಮಾಸ್ಟರದು. ಹೊಲಿಗೆ, ಕಾಜಾ, ಗುಂಡಿ ಹೆಂಡತಿಯದು. ತನಗೆ ಕೆಲಸ ಕಲಿಸಿದ ಗುರು ಕೊಟ್ಟ ಹನ್ನೊಂದು ಇಂಚಿನ ಕತ್ತರಿಯನ್ನು ಅವನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಹೆಂಡತಿ ದಾರವನ್ನು ಹಲ್ಲಿನಲ್ಲೇ ಕಡಿಯುತ್ತಿದ್ದಳು.

ಕಳೆದ ವರ್ಷದಿಂದ ಆ ಕತ್ತರಿ ಹಿಡಿದ ಕೈ ನಡುಗತೊಡಗಿತ್ತು. ಸೀಮೆಸುಣ್ಣದ ಗೆರೆಯ ಮೇಲೆ ನೆಟ್ಟಗೆ ಹೊರಟ ಕತ್ತರಿ ಅರ್ಧ ದಾರಿಯಲ್ಲಿ ಮೈಮೇಲೆ ಬಂದ ಹಾಗೆ ಅದುರುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮಾಸ್ಟರ್ ಮೊದಲು ಕತ್ತರಿಯನ್ನು ಬೈದು ಸಾಣೆ ಹಿಡಿಸಿದ. ಆಮೇಲೆ ಮೇಜನ್ನು ಬೈದು ಅದರ ಕಾಲಿನ ಕೆಳಗೆ ರಟ್ಟು ತುರುಕಿದ. ಕೊನೆಗೆ ಈಗಿನ ಬಟ್ಟೆಗಳಿಗೆ ಮಾನ ಮರ್ಯಾದೆ ಇಲ್ಲವೆಂದ. ಬೈಯಲು ಇನ್ನೇನೂ ಉಳಿಯದಿದ್ದಾಗ ಅವನಿಗೆ ಭಯವಾಯಿತು. ಕತ್ತರಿ ಹಿಡಿಯಲಾಗದ ದರ್ಜಿಯ ಕೈಗೆ ಯಾರು ತಾನೇ ಬಟ್ಟೆ ಕೊಡುತ್ತಾರೆ? ಕೊರಳಲ್ಲಿ ಟೇಪು ಹಾಕಿಕೊಂಡು ಬೀದಿ ನೋಡುತ್ತ ಕೂರುವ ಮುದುಕನಾಗುವುದು ಅವನಿಗೆ ಬೇಡವಾಗಿತ್ತು. ವಿಷಯವನ್ನು ಯಾರಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಹೇಗೂ ಕತ್ತರಿಸಿದ್ದು ಒಂದೂ ಕೆಟ್ಟು ವಾಪಸ್ ಬಂದಿರಲಿಲ್ಲ. ಅಷ್ಟೇ ಅವನ ಸಮಾಧಾನ.

ಹೀಗಿರುವಾಗ ಎರಡು ಅಂಗಡಿ ಆಚೆ ಒಬ್ಬ ಆಯುರ್ವೇದದ ಡಾಕ್ಟ್ರಮ್ಮ ಬಂದು ಕೂತಳು. ಓದು ಮುಗಿಸಿ ವರ್ಷವಾಗಿರಲಿಲ್ಲ. ಬೋರ್ಡಿನ ಬಣ್ಣ ಇನ್ನೂ ಕೈಗೆ ಅಂಟುತ್ತಿತ್ತು. "ನಿಮ್ಮ ಪ್ರಕೃತಿ ತಿಳಿಯಿರಿ: ವಾತ, ಪಿತ್ತ, ಕಫ" ಎಂದು ಅದರಲ್ಲಿ ಬರೆದಿತ್ತು. ಆರು ಬಿಳಿ ಕೋಟು ಹೊಲಿಸಲು ಬಟ್ಟೆ ತಂದಾಗ ಮಾಸ್ಟರ್ ಸುಮ್ಮನಿರಲಿಲ್ಲ.

"ಮೂರೇ ಸೈಜಾ ಡಾಕ್ಟ್ರಮ್ಮ? ರೆಡಿಮೇಡ್ ಅಂಗಡೀಲೂ ಐದಿರುತ್ತೆ."

ಡಾಕ್ಟ್ರಮ್ಮ ನಕ್ಕಳು. "ಮೂರೂ ಎಲ್ಲರಲ್ಲೂ ಇರುತ್ತೆ ಮಾಸ್ಟ್ರೇ. ಯಾರಲ್ಲಿ ಯಾವುದು ಎಷ್ಟು ಅನ್ನೋದು ಹುಟ್ಟಿನ ಅಳತೆ. ಅದೇ ಪ್ರಕೃತಿ. ಆ ಅಳತೆ ಮೀರಿ ಒಂದು ಉಬ್ಬಿದ್ರೆ ಮೈ ಕೆಡುತ್ತೆ, ಅದನ್ನ ಇಳಿಸಿ ಸಮ ಮಾಡೋದು ನಮ್ಮ ಕೆಲಸ. ಪಿತ್ತ ಅಂದ್ರೆ ಬೆಂಕಿ. ಕಫ ಅಂದ್ರೆ ಮಣ್ಣು ನೀರು, ಗಟ್ಟಿ ಮೈ, ನಿಧಾನ, ಒಳ್ಳೆ ನಿದ್ದೆ. ವಾತ ಗಾಳಿ. ಒಣಕಲು, ಚಂಚಲ, ನಡುಕ..."

ಕೊನೆಯ ಮಾತಿಗೆ ಮಾಸ್ಟರ್ ಟೇಪನ್ನು ಸರಕ್ಕನೆ ಸುತ್ತಿಟ್ಟ. ಮೂರನ್ನೂ ಸಮ ಮಾಡಿಬಿಟ್ಟರೆ ಕೈ ತಾನಾಗಿ ನಿಲ್ಲುತ್ತದೆ, ಕೈಯ ವಿಷಯ ಅವಳಿಗೆ ಹೇಳುವುದೇಕೆ ಎಂದು ಲೆಕ್ಕ ಹಾಕಿದ. ಹೇಳಿದರೆ ಆರು ಕೋಟಿನ ಬಟ್ಟೆಯನ್ನೂ ಮಡಿಚಿಕೊಂಡು ಹೋಗುತ್ತಾಳೆ.

ಮರುದಿನ ತನ್ನ ಒಳ್ಳೆಯ ಕೋಟು ತೊಟ್ಟು ಹೋದ. ಭುಜಕ್ಕೆ ಹತ್ತಿ ತುಂಬಿ, ಎದೆಗೆ ದಪ್ಪ ಒಳಬಟ್ಟೆ ಕೊಟ್ಟು ಹೊಲಿದ ಕೋಟು ಅದು. ಕಡ್ಡಿಗೆ ತೊಡಿಸಿದರೂ ಪೈಲ್ವಾನನಂತೆ ಕಾಣಬೇಕು. ಒಳಗಿದ್ದದ್ದು ಕಡ್ಡಿಯೇ. ಬಲಗೈಗೆ ಸೂಜಿ ಚುಚ್ಚಿತೆಂದು ನೆಪ ಹೇಳಿ ಬಟ್ಟೆ ಬಿಗಿದು ಕಟ್ಟಿ ಜೇಬಿನಲ್ಲಿಟ್ಟಿದ್ದ.

ಡಾಕ್ಟ್ರಮ್ಮ ನಲವತ್ತು ಪ್ರಶ್ನೆಗಳ ಹಾಳೆ ಕೊಟ್ಟಳು, ಉತ್ತರಕ್ಕೆ ಗುರುತು ಹಾಕಿದರೆ ಸಾಕು. ಎಡಗೈಯಲ್ಲಿ ಪೆನ್ನು ಹಿಡಿದು ಮಾಸ್ಟರ್ ಕೂತ. ನಿದ್ದೆ ಹೇಗೆ? ರಾತ್ರಿಯಿಡೀ ತೊಲೆ ಎಣಿಸುವವನು "ಗಾಢ" ಎಂದು ಗುರುತು ಹಾಕಿದ. ಹಸಿವು? ಒಂದು ದಿನ ಹನ್ನೊಂದಕ್ಕೆ, ಒಂದು ದಿನ ನಾಲ್ಕಕ್ಕೆ ನಿಂತುಕೊಂಡೇ ತಿನ್ನುವವನು "ಹೊತ್ತಿಗೆ ಸರಿಯಾಗಿ" ಎಂದ. ಹಿಮ್ಮಡಿ ಸೀಳಿ ಕಾಲುಚೀಲಕ್ಕೆ ಸಿಕ್ಕಿಹಾಕಿಕೊಳ್ಳುತ್ತಿತ್ತು; ಚರ್ಮ "ನುಣುಪು". ಮಾತು "ಕಡಿಮೆ". ಇದನ್ನು ಓದಿದ್ದರೆ ಇಡೀ ಬೀದಿ ಬಿದ್ದು ಬಿದ್ದು ನಗುತ್ತಿತ್ತು. ನಡುಕ? "ಇಲ್ಲ." ಒಳ್ಳೆಯ ಮೈ ಹೇಗಿರಬೇಕೋ ಹಾಗೆ ಬರೆಯುತ್ತ ಹೋದ.

ಡಾಕ್ಟ್ರಮ್ಮ ಮೂರು ಬೆರಳಿಟ್ಟು ಎಡಗೈಯ ನಾಡಿ ಹಿಡಿದಳು. "ನಾಡಿ ಬೇರೆ ಏನೋ ಹೇಳ್ತಿದೆಯಲ್ಲ..."

"ನಾಡಿಗೇನು ಗೊತ್ತು? ಐವತ್ತೆಂಟು ವರ್ಷದಿಂದ ಈ ಮೈಯೊಳಗೆ ಇರೋನು ನಾನು."

ಹೊಸಬಳು ಪಾಪ. ಹಾಳೆ ನೋಡಿದಳು, ಕೋಟಿನ ಭುಜ ನೋಡಿದಳು, ಕಫ ಹೆಚ್ಚಾಗಿದೆ ಎಂದು ಬರೆದಳು. ಬೆಳಕು ಹರಿಯುವ ಮೊದಲು ಏಳಬೇಕು, ಬೆವರು ಬರುವ ತನಕ ಬಿರುಸಾಗಿ ನಡೆಯಬೇಕು, ಬೆಚ್ಚಗಿನ ನೀರಿಗೆ ಜೇನು, ಊಟಕ್ಕೆ ಶುಂಠಿ ಮೆಣಸು, ಹುರಿದದ್ದು, ಒಣಗಿದ್ದು. ಎಣ್ಣೆ, ತುಪ್ಪ, ಹಾಲು ಬೇಡ. ರಾತ್ರಿ ಊಟ ಬಿಟ್ಟರೆ ಇನ್ನೂ ಒಳ್ಳೆಯದು. ಮೈಗೆ ಕಾಳಿನ ಒಣ ಪುಡಿ ತಿಕ್ಕಿಕೊಳ್ಳಬೇಕು.

ಮಾಸ್ಟರ್ ಒಂದನ್ನೂ ಬಿಡದೆ ಮಾಡಿದ. ಮೂರು ವಾರದಲ್ಲಿ ತನ್ನ ಪ್ಯಾಂಟಿನ ಸೊಂಟವನ್ನು ಎರಡು ಸಲ ಒಳಗೆ ಹಿಡಿಸಿಕೊಂಡ, ಸೊರಗಿದ್ದು ಕಾಣದಿರಲೆಂದು ಅಂಗಡಿಯಲ್ಲೂ ಆ ಕೋಟನ್ನೇ ತೊಟ್ಟ. ಎದ್ದರೆ ಮಂಡಿ ಲಟಲಟ, ಕೂತರೆ ಸೊಂಟ ಲಟಲಟ. ಮೊದಲೇ ಅಷ್ಟಕ್ಕಷ್ಟೆ ಇದ್ದ ನಿದ್ದೆ ಪೂರ್ತಿ ಕೈಕೊಟ್ಟಿತು. ಬೆಳಿಗ್ಗೆ ಹೊಟ್ಟೆ ಖಾಲಿಯಾಗುವುದೇ ಒಂದು ಸುದ್ದಿಯಾಯಿತು, ಅದೂ ವಾರಕ್ಕೆರಡು ಸಲ. ಜೇನುನೀರಿನ ಲೋಟ ಈಗ ಹಲ್ಲಿಗೆ ಬಡಿದು ಸದ್ದು ಮಾಡುತ್ತಿತ್ತು. ಡಾಕ್ಟ್ರಮ್ಮನ ಕೋಟಿನ ಬಟ್ಟೆಯನ್ನು ಮುಟ್ಟುವ ಧೈರ್ಯವೇ ಬರಲಿಲ್ಲ. ಬದಲಿಗೆ ಬಂದವರಿಗೆಲ್ಲ ಅವಳನ್ನು "ಮೂರು ಸೈಜಿನ ಡಾಕ್ಟ್ರು" ಎಂದು ಆಡಿಕೊಂಡ.

ಒಂದು ಬೆಳಿಗ್ಗೆ ಬಸ್ ಡಿಪೋದ ಗುಮಾಸ್ತ ಹೊಸ ಪ್ಯಾಂಟು ಹಿಡಿದು ಬಂದ. ಗುಂಡಿ ಕಾಜಾದ ಹತ್ತಿರವೂ ಬರುತ್ತಿರಲಿಲ್ಲ. "ಅಳತೆ ನೀವೇ ತಗೊಂಡಿದ್ದಲ್ವಾ ಮಾಸ್ಟ್ರೇ?"

ಮಾಸ್ಟರಿಗೆ ಹುರುಪು ಬಂತು. "ತಗೊಂಡಿದ್ದು ನಾನೇ, ಕೊಟ್ಟೋರು ಯಾರು? ಹೊಟ್ಟೆ ಎಳ್ಕೊಂಡು ನಿಂತ್ರಿ. ಬೋರ್ಡು ಓದಲ್ವಾ? ಅಳತೆ ಸುಳ್ಳು ಕೊಟ್ಟು ಆಮೇಲೆ ಹೊಲಿದೋನ್ನ ಬೈದ್ರೆ..."

ಗುಮಾಸ್ತನ ಬೆನ್ನ ಹಿಂದಿನ ಕನ್ನಡಿಯಲ್ಲಿ ಹತ್ತಿ ತುಂಬಿದ ಕೋಟೊಂದು ಕಂಡಿತು, ಅದರ ಮೇಲೊಂದು ಸೊರಗಿದ ಮುಖ ಕಂಡಿತು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಮಾಸ್ಟರ್ ಕೋಟು ಬಿಚ್ಚಿದ, ಒಳಗೆ ಜೋಲುತ್ತಿದ್ದ ಅಂಗಿಯನ್ನೂ ಬಿಚ್ಚಿದ, ಬರೀ ಬನಿಯನ್ನಿನಲ್ಲಿ ಬೀದಿಗಿಳಿದ. ಗುಮಾಸ್ತ ಹೆದರಿ ಪ್ಯಾಂಟನ್ನು ಎದೆಗೆ ಅವಚಿಕೊಂಡ.

ಡಾಕ್ಟ್ರಮ್ಮನ ಮೇಜಿನ ಮೇಲೆ ಮಾಸ್ಟರ್ ಬಲಗೈ ಇಟ್ಟ. ಅದು ಅಲ್ಲಿದ್ದ ಪೆನ್ನಿನ ಡಬ್ಬಿಯನ್ನೂ ಸೇರಿಸಿಕೊಂಡು ಟಕಟಕ ಎಂದಿತು. "ಹೊಟ್ಟೆ ಎಳ್ಕೊಂಡು ಅಳತೆ ಕೊಟ್ಟುಬಿಟ್ಟೆ ಡಾಕ್ಟ್ರಮ್ಮ," ಎಂದ.

ಅವಳು ಕೈ ನೋಡಿದಳು, ಬನಿಯನ್ನಿನೊಳಗಿನ ಪಕ್ಕೆಲುಬು ನೋಡಿದಳು. ಮುಖ ಕೆಂಪಾಯಿತು. "ತಪ್ಪು ನಂದೂ ಇದೆ. ನಾಡಿ ನಂಬೋದು ಬಿಟ್ಟು ನಿಮ್ಮ ಕೋಟು ನಂಬಿದೆ. ವಾತದ ಮೈಗೆ ಕಫದ ಪಥ್ಯ ಕೊಟ್ರೆ ಒಣಗಿದ್ದನ್ನ ಇನ್ನೂ ಒಣಗಿಸಿದ ಹಾಗೆ."

ಅಷ್ಟರಲ್ಲಿ ಹೆಂಡತಿ ಅಂಗಿ ಹಿಡಿದು ಬಂದಳು. ಮನೆಗೆ ಬೆಂಕಿ ಬಿದ್ದರೂ ಹಿಡಿದ ಕಾಜಾ ಮುಗಿಸಿಯೇ ಏಳುವ ಹೆಂಗಸು, ಆದ್ದರಿಂದ ತಡವಾಗಿತ್ತು. "ಮೊದ್ಲು ಮೈಮೇಲೆ ಬಟ್ಟೆ ಹಾಕ್ಕೊಳ್ರೀ," ಎನ್ನುತ್ತ, ಡಾಕ್ಟ್ರಮ್ಮ ತೆಗೆದು ಮೇಜಿನ ಮೇಲಿಟ್ಟಿದ್ದ ಪ್ರಶ್ನೆಯ ಹಾಳೆ ಓದಿದಳು. ಗಾಢ ನಿದ್ದೆ, ಹೊತ್ತಿಗೆ ಸರಿಯಾಗಿ ಹಸಿವು, ಕಡಿಮೆ ಮಾತು. "ಇದೇನ್ರೀ, ಇದ್ರಲ್ಲಿರೋದೆಲ್ಲ ನಾನು!"

ಹೊಸ ಪಥ್ಯ ಬಂತು. ಹೊತ್ತಿಗೆ ಸರಿಯಾಗಿ ಬಿಸಿ ಊಟ, ಅದಕ್ಕೆ ತುಪ್ಪ, ಮೈಗೆ ಬೆಚ್ಚಗಿನ ಎಳ್ಳೆಣ್ಣೆ, ಬೇಗ ಮಲಗುವುದು, ಮಾತು ಕಡಿಮೆ ಮಾಡುವುದು. ಕೊನೆಯದಕ್ಕೆ ಹೆಂಡತಿ, "ಅದಕ್ಕೆ ಮಾತ್ರೆ ಇದ್ರೆ ಕೊಟ್ಟುಬಿಡಿ" ಎಂದಳು. ಡಾಕ್ಟ್ರಮ್ಮ ನಗಲಿಲ್ಲ. "ನಿದ್ದೆ, ಹೊಟ್ಟೆ, ಮಂಡಿ ಸರಿ ಹೋಗುತ್ತೆ. ಕೈ ಪೂರ್ತಿ ನಿಲ್ಲುತ್ತೆ ಅಂತ ನಾನು ಮಾತು ಕೊಡಲ್ಲ. ದೊಡ್ಡಾಸ್ಪತ್ರೆ ನರದ ಡಾಕ್ಟ್ರಿಗೂ ತೋರಿಸಿ," ಎಂದು ಚೀಟಿ ಬರೆದಳು.

ಅವಳು ಹೇಳಿದಂತೆಯೇ ಆಯಿತು. ತಿಂಗಳಲ್ಲಿ ನಿದ್ದೆ ಬಂತು, ಹಿಮ್ಮಡಿ ಕೂಡಿತು, ಮಂಡಿ ಬಾಯಿ ಮುಚ್ಚಿತು. ಆಸ್ಪತ್ರೆಯ ಮಾತ್ರೆಯಿಂದ ಕೈ ಲೋಟ ಹಿಡಿಯುವಷ್ಟು ಸುಧಾರಿಸಿತು. ಕತ್ತರಿ ಹಿಡಿಯುವಷ್ಟು ಸುಧಾರಿಸಲಿಲ್ಲ.

ಒಂದು ಮಧ್ಯಾಹ್ನ ಬಿಳಿ ಕೋಟಿನ ಬಟ್ಟೆ ಹಾಸಿ, ಗೆರೆ ಹಾಕಿ, ಕತ್ತರಿ ಹಿಡಿದು ಮಾಸ್ಟರ್ ತುಂಬ ಹೊತ್ತು ನಿಂತ. ಆಮೇಲೆ ಕೆಳಗಿಟ್ಟ. "ಇಷ್ಟು ದಿನ ಹೇಗೋ ಆಯ್ತು. ನನ್ನ ಕತ್ತರಿಯಿಂದ ಒಂದೂ ಬಟ್ಟೆ ಕೆಟ್ಟಿರಲಿಲ್ಲ ನೋಡು," ಎಂದ.

ಹೆಂಡತಿ ಯಂತ್ರ ನಿಲ್ಲಿಸಿದಳು. ಅದರ ಕೆಳಗಿಂದ ಒಂದು ಗೋಣಿಚೀಲ ಎಳೆದು ಮೇಜಿನ ಮೇಲೆ ಸುರಿದಳು. ಬೆರಳಗಲದ ಬಟ್ಟೆಯ ಚೂರುಗಳು, ಒಂದು ವರ್ಷದವು. "ಕಾಲು ಉದ್ದ ಬಂದ್ರೆ ಮಡಿಚಿದೆ. ಭುಜ ಒಳಗೆ ಹೋದ್ರೆ ಹೊಲಿಗೆ ಒಳಗೆ ಬಿಟ್ಟ ಮಾರ್ಜಿನ್ನಿಂದ ತೆಗೆದೆ. ಸೊಟ್ಟ ಇದ್ದಿದ್ದನ್ನ ಹಲ್ಲಲ್ಲಿ ಕತ್ತರಿಸೋಕಾಗುತ್ತಾ? ಮನೆ ಕತ್ತರಿ ತಂದು ಸರಿ ಮಾಡಿದೆ."

ಮಾಸ್ಟರಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು, ಆಮೇಲೆ ಕಣ್ಣು ತುಂಬಿತು. "ಹೇಳಬಾರದಿತ್ತಾ?"

"ನೀವು ಹೇಳ್ಲಿ ಅಂತ ಕಾದೆ."

ಅವನು ಹನ್ನೊಂದು ಇಂಚಿನ ಕತ್ತರಿಯನ್ನು ಅವಳ ಕಡೆಗೆ ತಳ್ಳಿದ. ಡಾಕ್ಟ್ರಮ್ಮನ ಬಟ್ಟೆ ಬೇಡ, ಮೊದಲು ನಿಮ್ಮ ಅಂಗಿಯೇ ಕತ್ತರಿಸುತ್ತೇನೆ, ಕೆಟ್ಟರೆ ಬೈಯುವುದು ಹೇಗೂ ನೀವೇ ಎಂದು ಅವಳು ಟೇಪು ತೆಗೆದುಕೊಂಡಳು. ಟೇಪು ಎದೆಗೆ ಬರುತ್ತಲೇ ಮಾಸ್ಟರ್ ಎದೆ ಉಬ್ಬಿಸಿದ.

"ಉಸಿರು ಬಿಡ್ರೀ."

ಬಿಟ್ಟ. ಹಳೆಯ ಅಳತೆಗಿಂತ ಎರಡು ಇಂಚು ಕಡಿಮೆ. ಅವಳು ಪುಸ್ತಕದಲ್ಲಿ ಹಳೆಯದನ್ನು ಹೊಡೆದುಹಾಕಿ ಹೊಸದನ್ನು ಬರೆದಳು. ಗೆರೆ ಹಾಕಿದಳು, ಕತ್ತರಿ ಹಿಡಿದಳು, ತನ್ನ ಮಾಮೂಲಿ ನಿಧಾನದಲ್ಲಿ ಭುಜದಿಂದ ಕಂಕುಳಿಗೆ, ಕಂಕುಳಿಂದ ಕೆಳಕ್ಕೆ ಎಲ್ಲೂ ನಿಲ್ಲದೆ ಕತ್ತರಿಸಿದಳು. ಮಾಸ್ಟರ್ ಎದ್ದು ಬಂದು ಕಣ್ಣು ಕಿರಿದು ಮಾಡಿದ. ಟೇಪು ಹಿಡಿದು ಭುಜ ಅಳೆದ. ಇನ್ನೊಂದು ಸಲ ಅಳೆದ.

"ಸರಿಯಾಗಿದೆ," ಎಂದ, ಗಂಟಲಿನಲ್ಲೇ.

ಮೂವತ್ತು ವರ್ಷದಿಂದ ಆ ಅಂಗಡಿಯಲ್ಲಿ ಯಾರಿಗೂ ಸಿಗದ ಮಾತು ಅದು. ಹೆಂಡತಿ ತಲೆಯೆತ್ತಲಿಲ್ಲ, ಬಟ್ಟೆಯನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿದಳು.

"ಏನಂದ್ರಿ? ಸ್ವಲ್ಪ ಜೋರಾಗಿ ಹೇಳಿ, ಕೇಳಿಸ್ಲಿಲ್ಲ."